ಊರು ಬಿಟ್ಟು ಹೊರಡದ ಬಿಯರು

ಗ್ಲಾಸು ನನ್ನ ಮುಂದೆ ಬಂದು ಕೂತಿತ್ತು. ಆದರೆ ಮೊದಲು ಮೂಸಿ ನೋಡಿದವಳು ಅಕ್ಕನ ಸೊಸೆ. ‘ಮಾವ, ಇದು ಬಚ್ಚಲೊಲೆ ವಾಸನೆ ಅಲ್ವಾ?’ ಅಂದಳು.

ಅವಳು ಕುಡಿಯುವವಳಲ್ಲ. ಕೊಪ್ಪದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಮಳೆಗಾಲದ ಬೆಳಗ್ಗೆ ಹಂಡೆಗೆ ಉರಿ ಮಾಡುವಾಗ ಅರೆಹಸಿ ಸೌದೆಯಿಂದ ಏಳುವ ಹೊಗೆ, ಅದರ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಬಟ್ಟೆ, ಶಾಲೆಯಲ್ಲಿ ಪಕ್ಕ ಕೂತವರಿಗೂ ಗೊತ್ತಾಗುತ್ತಿದ್ದ ಆ ಬಟ್ಟೆಯ ವಾಸನೆ, ಇದೆಲ್ಲ ಅವಳ ಮೂಗಿನಲ್ಲಿ ಹಾಗೇ ಉಳಿದಿದೆ. ನಾನು ಒಂದು ಗುಟುಕು ಕುಡಿದೆ. ಅವಳು ಹೇಳಿದ್ದು ನಿಜ. ಬಣ್ಣ ಕಡುಗಂದು, ನೊರೆ ಕೆನೆಯ ಹಾಗೆ ದಪ್ಪ, ನಾಲಿಗೆಗೆ ತಾಗುತ್ತಲೇ ಹೊಗೆ. ಎರಡನೆಯ ಗುಟುಕಿಗೆ ಹೊಗೆಯ ಹಿಂದೆ ಅಡಗಿದ್ದ ಸಿಹಿ ಸಿಕ್ಕಿತು. ಅರ್ಧ ಗ್ಲಾಸು ಮುಗಿಯುವ ಹೊತ್ತಿಗೆ ಹೊಗೆ ಎನ್ನುವುದು ಬೇರೆಯಾಗಿ ಕಾಣಲೇ ಇಲ್ಲ. ಇದಕ್ಕೆ ನಾಲಿಗೆ ಒಗ್ಗಬೇಕಾದರೆ ಒಂದು ಗ್ಲಾಸು ಸಾಲದು, ಎರಡು ಮೂರಾದರೂ ಬೇಕು ಎಂದು ಅಲ್ಲಿನವರು ಹೇಳುತ್ತಾರೆ. ನನಗೆ ಒಂದೇ ಸಾಕಾಯಿತು.

ಊರು ಬಾಂಬೆರ್ಗ್. ಜರ್ಮನಿಯ ಬವೇರಿಯಾ ರಾಜ್ಯದ ಉತ್ತರಕ್ಕೆ, ಫ್ರಾಂಕೆನ್ ಎಂಬ ಸೀಮೆಯಲ್ಲಿದೆ. ಅಕ್ಕನ ಮಗ ಅಲ್ಲಿಂದ 40 ಕಿಲೋಮೀಟರ್ ದೂರದ ಎರ್ಲಾಂಗೆನ್‌ನಲ್ಲಿ ಎಂಜಿನಿಯರ್. ಮೇ ತಿಂಗಳ ಕೊನೆ. ತೋಟದಲ್ಲಿ ಮಳೆ ಹಿಡಿಯುವ ಮೊದಲು ಹತ್ತು ದಿನ ಬಿಡುವು ಮಾಡಿಕೊಂಡು ಹೋಗಿದ್ದೆ. ‘ಮಾವ, ಈ ಶನಿವಾರ ಭಾನುವಾರ ಮ್ಯೂನಿಕ್ ಬೇಡ. ಇಲ್ಲಿನ ಬ್ರುವರಿ ಊರುಗಳನ್ನು ತೋರಿಸ್ತೀನಿ’ ಅಂದ. ಅವನ ಜೊತೆ ಕೂತು ನಾನು ಯಾವತ್ತೂ ಕುಡಿದವನಲ್ಲ. ನಮ್ಮ ಕಡೆ ಮಾವ ಅಳಿಯ ಒಂದೇ ಮೇಜಿನಲ್ಲಿ ಗ್ಲಾಸು ಹಿಡಿಯುವ ರೂಢಿಯಿಲ್ಲ. ಅವನಿಗೂ ಸಂಕೋಚ ಇತ್ತು ಎಂದು ಕಾಣುತ್ತದೆ. ಮೊದಲ ಸಂಜೆ ನಾನು ‘ನಿನಗೂ ಹೇಳು’ ಅನ್ನುವವರೆಗೆ ಅವನು ತನಗೇನೂ ತರಿಸಿಕೊಳ್ಳಲಿಲ್ಲ.

ಶುಕ್ರವಾರ ಸಂಜೆ ಕಾರಿನಲ್ಲಿ ಹೋದೆವು. ಬಾಂಬೆರ್ಗ್ ರೈಲು ನಿಲ್ದಾಣದ ಹತ್ತಿರವೇ ಕೆಂಪು ಹಳದಿ ಇಟ್ಟಿಗೆಯ ದೊಡ್ಡ ಕಟ್ಟಡಗಳು ಕಾಣುತ್ತವೆ. ಅದು 1879ರಲ್ಲಿ ಶುರುವಾದ ವೈಯರ್‌ಮನ್ ಮಾಲ್ಟ್ ಕಾರ್ಖಾನೆ. ಜಗತ್ತಿನ ನೂರಕ್ಕೂ ಹೆಚ್ಚು ದೇಶಗಳ ಬ್ರುವರಿಗಳಿಗೆ ಇಲ್ಲಿಂದ ಮಾಲ್ಟ್ ಹೋಗುತ್ತದೆ. ಬೇರೆ ದೇಶದಲ್ಲಿ ಯಾರಾದರೂ ಬಾಂಬೆರ್ಗ್ ಬಗೆಯ ಹೊಗೆ ಬಿಯರ್ ಮಾಡಿ ನೋಡಬೇಕು ಎಂದುಕೊಂಡರೆ ಸಾಮಾನ್ಯವಾಗಿ ಹೊಗೆ ಹಿಡಿಸಿದ ಮಾಲ್ಟ್ ತರಿಸಿಕೊಳ್ಳುವುದು ಇಲ್ಲಿಂದಲೇ. ಬ್ರುವರಿಯ ಹಂಡೆ ಕಡಾಯಿ ಮಾಡುವ ಕಾಸ್ಪರ್ ಷುಲ್ಟ್ಸ್ ಎಂಬ ಮನೆತನದ ಕಂಪನಿಯೂ ಇದೇ ಊರಿನದು, 1677ರಿಂದ ನಡೆಯುತ್ತಿದೆ. ಎಂಬತ್ತು ಸಾವಿರ ಜನವೂ ಇಲ್ಲದ ಊರು. ಬ್ರುವರಿಗಳು ಹತ್ತರ ಆಸುಪಾಸು. ಜರ್ಮನಿಯಲ್ಲಿ ಸುಮಾರು 1500 ಬ್ರುವರಿಗಳಿವೆ. ಜನಸಂಖ್ಯೆಗೆ ಹೋಲಿಸಿದರೆ ಬಾಂಬೆರ್ಗ್ ಸುತ್ತಲಿನ ಮೇಲಣ ಫ್ರಾಂಕೆನ್‌ನಲ್ಲಿ ಇರುವಷ್ಟು ಒತ್ತೊತ್ತಾಗಿ ಇನ್ನೆಲ್ಲೂ ಇಲ್ಲ.

ನಾವು ಕೂತಿದ್ದ ಜಾಗ ಷ್ಲೆಂಕೆರ್ಲಾ. 1405ರ ದಾಖಲೆಯಲ್ಲೇ ಇದರ ಹೆಸರು ಸಿಗುತ್ತದೆ, ಆಗ ‘ನೀಲಿ ಸಿಂಹ’ ಎಂದು ಕರೆಯುತ್ತಿದ್ದರಂತೆ. ಹಿಂದೊಬ್ಬ ಯಜಮಾನ ಕೈ ಬೀಸಿಕೊಂಡು ಓಲಾಡುತ್ತಾ ನಡೆಯುತ್ತಿದ್ದ. ಆ ನಡಿಗೆಗೆ ಜನ ಇಟ್ಟ ಅಡ್ಡಹೆಸರೇ ಮನೆಗೆ ಅಂಟಿಕೊಂಡಿತು. ಈಗ ನಡೆಸುತ್ತಿರುವುದು ಟ್ರುಮ್ ಮನೆತನ. ಕಪ್ಪಾದ ತೊಲೆಗಳ ಚಾವಣಿ, ಉದ್ದನೆಯ ಮರದ ಮೇಜುಗಳು. ಪಕ್ಕದ ಕೋಣೆ ಹಿಂದೆ ಡೊಮಿನಿಕನ್ ಸನ್ಯಾಸಿಗಳ ಮಠಕ್ಕೆ ಸೇರಿದ್ದು, ಕಲ್ಲಿನ ಕಮಾನು ಇನ್ನೂ ಹಾಗೇ ಇದೆ.

ಒಳಗೆ ಬರುವ ಓಣಿಯಲ್ಲಿ ಕಟ್ಟೆಯ ಮೇಲೆ ಮರದ ಪೀಪಾಯಿ. ಒಂದು ಖಾಲಿಯಾಯಿತು ಎಂದರೆ ಇನ್ನೊಂದನ್ನು ಇಬ್ಬರು ಎತ್ತಿ ಕೂರಿಸುತ್ತಾರೆ. ನಾನು ನಿಂತು ನೋಡಿದೆ. ಆಳು ಹಿತ್ತಾಳೆಯ ನಲ್ಲಿಯನ್ನು ಪೀಪಾಯಿಯ ತೂತಿಗೆ ಹಿಡಿದ, ಮರದ ಕೊಡತಿಯಿಂದ ಎರಡೇ ಏಟು ಹೊಡೆದ. ಒಂದು ಹನಿ ಚೆಲ್ಲಲಿಲ್ಲ. ಗ್ಯಾಸಿನ ಒತ್ತಡ ಇಲ್ಲ, ಪಂಪಿಲ್ಲ. ತನ್ನ ಭಾರಕ್ಕೆ ತಾನೇ ಗ್ಲಾಸಿಗೆ ಇಳಿಯುತ್ತದೆ. ಗ್ಲಾಸು ತುಂಬುವುದನ್ನು ಅವನು ನೋಡುತ್ತಲೂ ಇರಲಿಲ್ಲ, ಸದ್ದಿನಲ್ಲೇ ಗೊತ್ತಾಗುತ್ತಿತ್ತು. ನಮ್ಮೂರ ಗಾಣದ ಶೆಟ್ಟರು ಎಣ್ಣೆ ಅಳೆಯುವಾಗ ಹೀಗೇ ಬೇರೆ ಕಡೆ ನೋಡುತ್ತಾ ಮಾತಾಡುತ್ತಿದ್ದರು.

ಹೊಗೆ ಎಲ್ಲಿಂದ ಬಂತು? ಹಿಂದೊಮ್ಮೆ ಮಠದ ಬ್ರುವರಿಗೆ ಬೆಂಕಿ ಬಿತ್ತು, ಹೊಗೆ ಹಿಡಿದ ಧಾನ್ಯವನ್ನು ಚೆಲ್ಲಲು ಮನಸ್ಸಾಗದೆ ಅದರಲ್ಲೇ ಬಿಯರ್ ಮಾಡಿದರು ಎಂದು ಒಂದು ಕತೆ ಇದೆ. ಕತೆ ಚೆನ್ನಾಗಿದೆ, ಆದರೆ ನಿಜ ಸಂಗತಿ ಇದಕ್ಕಿಂತ ಸರಳ. ರಾಗಿ ಮೊಳಕೆ ಕಟ್ಟುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾರ್ಲಿಯನ್ನು ನೆನೆಹಾಕುತ್ತಾರೆ, ಹರವಿ ಮೊಳಕೆ ಬರಿಸುತ್ತಾರೆ. ಮೊಳಕೆ ಬಂದಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಮುಂದೆ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆ ಸಕ್ಕರೆಯೇ ಯೀಸ್ಟಿನ ಆಹಾರ. ಮೊಳಕೆ ಹೆಚ್ಚು ಬೆಳೆದರೆ ಸತ್ವವನ್ನೆಲ್ಲ ಗಿಡವೇ ತಿಂದುಬಿಡುತ್ತದೆ, ಹಾಗಾಗಿ ಹದ ನೋಡಿ ಒಣಗಿಸಬೇಕು. ನಮ್ಮಲ್ಲಿ ಬಿಸಿಲಿದೆ, ಮೊಳಕೆ ರಾಗಿಯನ್ನು ಅಂಗಳದಲ್ಲಿ ಹರವಿದರೆ ಆಯಿತು. ಬಾಂಬೆರ್ಗಿನಲ್ಲಿ ಬಿಸಿಲನ್ನು ನಂಬುವ ಹಾಗಿಲ್ಲ. ಬೆಂಕಿಯ ಮೇಲೆ ಒಣಗಿಸಬೇಕು. ಬೆಂಕಿಗೆ ಸೌದೆ, ಸೌದೆಗೆ ಹೊಗೆ. ಅಂದರೆ ಒಂದು ಕಾಲದಲ್ಲಿ ಸೌದೆ ಉರಿಸಿ ಮಾಡಿದ ಮಾಲ್ಟಿನ ಬಿಯರಿನಲ್ಲೆಲ್ಲ ಹೊಗೆ ಇದ್ದೇ ಇರುತ್ತಿತ್ತು. ಹೊಗೆ ತಾಗದಂತೆ ಬಿಸಿಗಾಳಿ ಹಾಯಿಸುವ ಗೂಡುಗಳು ಬಂದ ಮೇಲೆ ಎಲ್ಲರೂ ಹೊಸದಕ್ಕೆ ಹೋದರು. ಬಾಂಬೆರ್ಗಿನಲ್ಲಿ ಎರಡು ಮನೆಗಳು ಮಾತ್ರ ಹಳೆಯ ಒಲೆಯನ್ನು ಆರಿಸಲಿಲ್ಲ: ಷ್ಲೆಂಕೆರ್ಲಾ ಮತ್ತು ಷ್ಪೆಟ್ಸಿಯಾಲ್. ಎರಡೂ ಕಡೆ ಇವತ್ತಿಗೂ ಬೀಚ್ ಮರದ ಒಣಸೌದೆಯನ್ನು ಉರಿಸಿ ತಮ್ಮ ಮಾಲ್ಟನ್ನು ತಾವೇ ಒಣಗಿಸಿಕೊಳ್ಳುತ್ತಾರೆ.

ಷ್ಲೆಂಕೆರ್ಲಾದಲ್ಲಿ ತೆಳು ಬಣ್ಣದ ಇನ್ನೊಂದು ಬಿಯರ್ ಇದೆ. ಅದಕ್ಕೆ ಹೊಗೆ ಮಾಲ್ಟನ್ನು ಹಾಕುವುದೇ ಇಲ್ಲ. ಆದರೂ ಅದೇ ಪಾತ್ರೆಗಳಲ್ಲಿ ಕಾಯುವುದರಿಂದ, ಅದೇ ಯೀಸ್ಟಿನಿಂದ ಹುದುಗುವುದರಿಂದ ಅದರಲ್ಲೂ ಎಳೆಯಷ್ಟು ಹೊಗೆ ಇರುತ್ತದೆ. ಹೆಪ್ಪು ಹಾಕುವ ಮಜ್ಜಿಗೆ ಯಾವುದೋ ಮೊಸರೂ ಅದೇ.

ಮೇಜಿನ ಸಂಗತಿ ಹೇಳಬೇಕು. ಆರು ಜನ ಕೂರುವ ಮೇಜಿನಲ್ಲಿ ನಾವು ಮೂವರು. ಹತ್ತು ನಿಮಿಷದಲ್ಲಿ ವಯಸ್ಸಾದ ಗಂಡಹೆಂಡಿರಿಬ್ಬರು ಬಂದು ‘ಇಲ್ಲಿ ಜಾಗ ಇದೆಯಾ?’ ಎಂದು ಕೇಳಿದರು. ಅಲ್ಲಿ ಹಾಗೆ ಕೇಳುವುದು ಪದ್ಧತಿ. ಇದ್ದರೆ ಇಲ್ಲ ಎನ್ನುವ ಹಾಗಿಲ್ಲ. ಕೂತರು, ಗ್ಲಾಸು ಮೇಜಿಗೆ ತಟ್ಟಿದರು, ಮಾತಿಗೆ ಶುರುವಿಟ್ಟರು. 1907ರ ‘ಬಿಯರ್ ಯುದ್ಧ’ದ ಕತೆ ಕೇಳಿದ್ದು ಅವರಿಂದಲೇ, ತಮ್ಮ ಅಜ್ಜನ ಕಾಲದ ಜಗಳವನ್ನು ನಿನ್ನೆ ಮೊನ್ನೆ ನಡೆದ ಹಾಗೆ ಹೇಳಿದರು. ಬಾಂಬೆರ್ಗಿನ ಬ್ರುವರಿಗಳೆಲ್ಲ ಮಾತಾಡಿಕೊಂಡು ಅರ್ಧ ಲೀಟರಿನ ಬೆಲೆಯನ್ನು 11 ಫೆನಿಗ್‌ನಿಂದ 12ಕ್ಕೆ ಏರಿಸಿದವು. ಊರಿನವರು ಕುಡಿಯುವುದನ್ನೇ ನಿಲ್ಲಿಸಿದರು. ಪಕ್ಕದ ಫೋರ್ಖೈಮ್‌ನಿಂದ ಹಳೆಯ ಬೆಲೆಗೆ ಬಿಯರ್ ತರಿಸಿಕೊಂಡರು. ಕೆಲವೇ ದಿನಗಳಲ್ಲಿ ಬ್ರುವರಿಗಳು ಸೋತು ಬೆಲೆ ಇಳಿಸಿದವು. ಒಂದು ಫೆನಿಗ್ ಎಂದರೆ ಮಾರ್ಕಿನ ನೂರನೆಯ ಪಾಲು. ಅಷ್ಟಕ್ಕೇಕೆ ಊರಿಗೂರೇ ಎದ್ದಿತು ಎಂದರೆ, ಅಲ್ಲಿ ಬಿಯರ್ ಶೋಕಿಯ ವಸ್ತುವಲ್ಲ, ದಿನಸಿ. ಅಕ್ಕಿಯ ಬೆಲೆ ಏರಿದರೆ ನಾವು ಸುಮ್ಮನಿರುತ್ತೇವೆಯೇ?

ಅಲ್ಲಿ ಅರ್ಧ ಲೀಟರಿಗೆ ‘ಸೈಡ್ಲಾ’ ಎನ್ನುತ್ತಾರೆ. ನಮ್ಮ ಪಾವು, ಸೇರಿನ ಹಾಗೆ ಹಳೆಯ ಅಳತೆಯ ಮಾತು. ‘ಬಿಯರ್ ಕೊಡಿ’ ಎಂದು ಯಾರೂ ಕೇಳುವುದಿಲ್ಲ, ‘ಒಂದು ಸೈಡ್ಲಾ’ ಎಂದರೆ ಸಾಕು.

ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಷ್ಪೆಟ್ಸಿಯಾಲ್‌ಗೆ ಹೋದೆವು. 1536ರ ಮನೆ. ರಸ್ತೆ ದಾಟಿದರೆ ಎದುರಿಗೇ ಫೆಸ್ಲಾ, 1649ರದ್ದು. ಒಳಗೆ ನಾಲ್ಕೈದು ಮುದುಕರು ಪತ್ರಿಕೆ ಹಿಡಿದು, ಮುಂದೆ ಗ್ಲಾಸು ಇಟ್ಟುಕೊಂಡು ಕೂತಿದ್ದರು. ಬೆಳಗ್ಗೆ ಹತ್ತಕ್ಕೇ ಬಿಯರ್! ನನ್ನ ಮುಖ ನೋಡಿ ಅಕ್ಕನ ಮಗ ಏನೋ ಹೇಳಲು ಹೊರಟವನು ಸುಮ್ಮನಾದ.

ಕುಡಿತದ ಬಗ್ಗೆ ಹಗುರಾಗಿ ಬರೆಯಲು ನನಗೆ ಆಗುವುದಿಲ್ಲ. ನಾನು ಬೆಳೆದ ಕೇರಿಯಲ್ಲಿ ಸಾರಾಯಿ ಪ್ಯಾಕೆಟ್ಟು ಎಷ್ಟು ಮನೆಗಳ ಒಲೆ ಆರಿಸಿತು ಎಂದು ನೋಡಿದ್ದೇನೆ. ಶನಿವಾರ ಕೂಲಿ ಬಟವಾಡೆಯಾದ ಮೇಲೆ ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಅಂಗಡಿ ಮುಂದೆ ಕಾಯುತ್ತಾ ನಿಲ್ಲುತ್ತಿದ್ದರು. ಗಂಡ ಕುಡಿಯುವ ಮೊದಲೇ ಅವನ ಕೈಯಿಂದ ಅಕ್ಕಿಗಾಗುವಷ್ಟು ದುಡ್ಡು ಕಿತ್ತುಕೊಳ್ಳಲು. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಆ ಹೆಂಗಸರು ಪಟ್ಟ ಸಂತೋಷ ನೆನಪಿದೆ; ಗಂಡಂದಿರು ಬಾರಿನ ದಾರಿ ಹಿಡಿದಾಗ ಪಟ್ಟ ಸಂಕಟವೂ ನೆನಪಿದೆ. ನಮ್ಮಲ್ಲಿ ಕುಡಿಯುವುದೆಂದರೆ ಮುಖ ಮರೆಸುವ ಕೆಲಸ. ಕಿಟಕಿಗೆ ಕಪ್ಪು ಗಾಜು, ಬಾಟಲಿಗೆ ಕಾಗದದ ಸುತ್ತು, ನಿಂತ ಕಾಲಲ್ಲೇ ಗಂಟಲಿಗೆ ಸುರಿದುಕೊಂಡು ಹೊರಡುವುದು.

ಷ್ಪೆಟ್ಸಿಯಾಲ್‌ನ ಆ ಮುದುಕರಲ್ಲಿ ಒಬ್ಬರು ನಾವು ಕೂತ ಒಂದು ಗಂಟೆಯಲ್ಲಿ ಅರ್ಧ ಲೀಟರನ್ನು ಮುಗಿಸಿರಲಿಲ್ಲ. ಪತ್ರಿಕೆಯ ಪುಟ ತಿರುಗಿಸುವಾಗೊಮ್ಮೆ ಒಂದು ಗುಟುಕು. ಇನ್ನೊಬ್ಬರ ಪಕ್ಕ ಮೊಮ್ಮಗಳು ಸೇಬಿನ ರಸ ಕುಡಿಯುತ್ತಾ ಚಿತ್ರ ಬರೆಯುತ್ತಿದ್ದಳು. ಐದು ಶೇಕಡಾ ಆಲ್ಕೋಹಾಲಿನ ಪೇಯವನ್ನು ಊಟದ ಜೊತೆ, ಬೆಳಕಿನಲ್ಲಿ, ಮನೆಯವರ ಎದುರು ಕುಡಿಯುವುದಕ್ಕೂ ಕತ್ತಲಲ್ಲಿ ಕುಡಿಯುವುದಕ್ಕೂ ಅಂತರ ಇದೆ ಎಂದು ನನಗೆ ಅನ್ನಿಸಿತು. ಜರ್ಮನಿಯಲ್ಲಿ ಕುಡಿತದಿಂದ ಹಾಳಾದ ಮನೆಗಳಿಲ್ಲ ಎಂದಲ್ಲ. ಇವೆ, ಅಲ್ಲಿನವರೇ ಹೇಳುತ್ತಾರೆ. ಹದಿನಾರಕ್ಕೇ ಬಿಯರ್ ಕೊಳ್ಳಲು ಬಿಡುವ ಕಾನೂನಿನ ಬಗ್ಗೆ ಅಲ್ಲಿಯೇ ತಕರಾರಿದೆ. ನಾನು ನೋಡಿದ್ದು ಎರಡೂವರೆ ದಿನ, ನೋಡಿದ್ದನ್ನು ಬರೆಯುತ್ತಿದ್ದೇನೆ.

ಷ್ಪೆಟ್ಸಿಯಾಲ್‌ನ ಹೊಗೆ ಷ್ಲೆಂಕೆರ್ಲಾದಷ್ಟು ಜೋರಿಲ್ಲ. ಇಲ್ಲಿ ಮಾಲ್ಟಿನ ಸಿಹಿ ಮುಂದೆ, ಹೊಗೆ ಹಿಂದೆ. ಎರಡರಲ್ಲಿ ಯಾವುದು ಎಂದು ಕೇಳಿದರೆ ನನ್ನ ಓಟು ಇದಕ್ಕೆ. ಜೊತೆಗೆ ಕರಿ ಬ್ರೆಡ್ಡು, ತೆಳ್ಳಗೆ ಹೆಚ್ಚಿದ ಮೂಲಂಗಿ, ‘ಗೆರುಫ್ಟರ್’ ಎಂಬ ಹಚ್ಚಿಕೊಳ್ಳುವ ಗಿಣ್ಣು. ಹಣ್ಣಾದ ಚೀಸಿಗೆ ಬೆಣ್ಣೆ, ಈರುಳ್ಳಿ, ಕೆಂಪು ಮೆಣಸಿನ ಪುಡಿ ಸೇರಿಸಿ ಕಿವುಚಿದ್ದು. ಸೊಸೆ ಎರಡು ತಟ್ಟೆ ಮುಗಿಸಿದಳು. ಕಾರು ಅವಳದ್ದೇ ಕೈಯಲ್ಲಿತ್ತು.

ಅಲ್ಲಿಂದ ಮಾರ್ಸ್ ಬ್ರೊಯ್‌ಗೆ. 1670ರದ್ದು. ಇಲ್ಲಿ ಕೇಳಬೇಕಾದ್ದು ಎರಡೇ ಅಕ್ಷರ: ‘ಆ ಊ’. ‘ಒಂದು ಊ’ ಎಂದು ಅರ್ಥ. ಬಿಯರ್ ಹಣ್ಣಾಗುವಾಗ ಪೀಪಾಯಿಯ ಬಿರಡೆಯನ್ನು ಬಿಗಿಯದೆ ಬಿಟ್ಟರೆ ಗಾಳಿಯೆಲ್ಲ ಮೇಲೆ ಹೋಗುತ್ತದೆ, ಗುಳ್ಳೆ ಕಡಿಮೆಯಾಗುತ್ತದೆ, ಕುಡಿದರೆ ಹೊಟ್ಟೆ ಉಬ್ಬರಿಸುವುದಿಲ್ಲ. ‘ಬಿರಡೆ ಬಿಗಿಯದ್ದು’ ಎನ್ನುವ ಜರ್ಮನ್ ಪದದ ಮೊದಲ ಅಕ್ಷರವೇ ಈ ಊ. ಎದುರಿಗೆ ಇನ್ನೊಂದು ಬ್ರುವರಿ, ಕೇಸ್ಮನ್. ಒಂದು ಕಡೆ ಕುಡಿದು ಎದ್ದವರು ರಸ್ತೆ ದಾಟಿ ಇನ್ನೊಂದಕ್ಕೆ ಹೋಗುತ್ತಿದ್ದರು. ನಾವು ಹೋಗಲಿಲ್ಲ.

ಇದನ್ನೆಲ್ಲ ನೋಡುವಾಗ ಅಕ್ಕನ ಮಗ ತನ್ನ ಬೆಂಗಳೂರಿನ ದಿನಗಳನ್ನು ನೆನೆದ. ಇಂದಿರಾನಗರದ ಟಾಯ್ಟ್ ಎಂಬ ಬ್ರುವರಿಯಲ್ಲಿ ಸಿಗುವ ಬಾಸ್ಮತಿ ಅಕ್ಕಿಯ ಬಿಯರ್ ಅವನಿಗೆ ಇಷ್ಟವಂತೆ. ‘ಇಲ್ಲಿ ಅದಕ್ಕೆ ಬಿಯರ್ ಅಂತ ಹೆಸರಿಡೋಕೆ ಬಿಡಲ್ಲ ಮಾವ’ ಅಂದ. 1516ರಲ್ಲಿ ಬವೇರಿಯಾದ ದೊರೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಎಂದು ಕಟ್ಟಳೆ ಮಾಡಿದ್ದು ಜಗತ್ತಿಗೆಲ್ಲ ಗೊತ್ತು. ಬಾಂಬೆರ್ಗಿನವರು ಮಾತ್ರ ಆ ವರ್ಷವನ್ನು ಒಪ್ಪುವುದಿಲ್ಲ. ತಮ್ಮ ಊರನ್ನು ಆಳುತ್ತಿದ್ದ ಬಿಷಪ್ 1489ರಲ್ಲೇ ಇಂಥ ಆಜ್ಞೆ ಹೊರಡಿಸಿದ್ದ ಎನ್ನುತ್ತಾರೆ, ಅದು ಸರಿ ಕೂಡ. ಬಾಂಬೆರ್ಗ್ ಬವೇರಿಯಾಕ್ಕೆ ಸೇರಿದ್ದೇ ನೆಪೋಲಿಯನ್ ಕಾಲದಲ್ಲಿ. ಫ್ರಾಂಕೆನ್‌ನವರನ್ನು ಬವೇರಿಯದವರು ಎಂದು ಕರೆದರೆ ಈಗಲೂ ತಿದ್ದುತ್ತಾರೆ.

ಮಧ್ಯಾಹ್ನದ ಮೇಲೆ ಒಂದು ಹಳ್ಳಿಗೆ ಹೊರಟೆವು. ಹೆಸರು ಬರೆಯುವುದಿಲ್ಲ. ಹಳೆಯ ಪುಸ್ತಕವೊಂದರಲ್ಲಿ ಅಲ್ಲಿನ ಬ್ರುವರಿಯ ಬಗ್ಗೆ ಚೆನ್ನಾಗಿ ಬರೆದಿತ್ತು. ಕಾರನ್ನು ಚರ್ಚಿನ ಹತ್ತಿರ ನಿಲ್ಲಿಸಿ ನಡೆದೆವು. ಬಾಗಿಲ ಮೇಲೆ ಕಬ್ಬಿಣದಲ್ಲಿ ಮಾಡಿದ ಆರು ಮೂಲೆಯ ನಕ್ಷತ್ರ ತೂಗುತ್ತಿತ್ತು. ಒಂದರ ಮೇಲೊಂದು ಕೂಡಿಸಿದ ಎರಡು ತ್ರಿಕೋನ. ನಮ್ಮ ರಂಗೋಲಿಯ ಷಟ್ಕೋಣವೇ. ಬಿಯರ್ ಕಾಯಿಸುವ ಮನೆಯ ಹಳೆಯ ಗುರುತು ಅದು. ಬಾಗಿಲು ಹಾಕಿತ್ತು.

ಪಕ್ಕದ ಪಾತಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕಳೆ ಕೀಳುತ್ತಿದ್ದರು. ಇವತ್ತು ರಜೆಯೇ ಎಂದು ಅಕ್ಕನ ಮಗ ಕೇಳಿದ. ರಜೆಯಲ್ಲ, ಮುಗಿಯಿತು ಅಂದರು. ಮೂರು ವರ್ಷವಾಯಿತಂತೆ. ಗಂಡನ ಬೆನ್ನು ಹೋಯಿತು, ಚೀಲ ಎತ್ತುವುದು ಆಗಲಿಲ್ಲ. ಮಗ ಓದಿ ಮ್ಯೂನಿಕ್ ಸೇರಿದ. ಬಂದು ನಡೆಸು ಎಂದು ಹೇಳಲು ತಮಗೇ ಮನಸ್ಸಾಗಲಿಲ್ಲ ಅಂದರು. ಮಣ್ಣಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಕಿಟಕಿಯ ಹತ್ತಿರ ಕರೆದೊಯ್ದು ತೋರಿಸಿದರು. ಒಳಗೆ ತಾಮ್ರದ ದೊಡ್ಡ ಕಡಾಯಿ. ಉಜ್ಜಿ ಬೆಳಗಿದ್ದರು. ಮುಚ್ಚಳದ ಅಂಚಿನ ಮೇಲೆ ಸಾಲಾಗಿ ಕೆಂಪು ಹೂವಿನ ಕುಂಡಗಳು. ವಾರಕ್ಕೊಮ್ಮೆ ಈಗಲೂ ಉಜ್ಜುತ್ತೇನೆ, ಬಿಟ್ಟರೆ ಕಪ್ಪಾಗುತ್ತದೆ ಅಂದರಂತೆ.

ಕಾರಿನವರೆಗೆ ಅಕ್ಕನ ಮಗ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಭಾವ ತೀರಿಕೊಂಡ ಮೇಲೆ ಅವನ ಮೂರೆಕರೆ ಅಡಿಕೆ ತೋಟವನ್ನು ನೋಡಿಕೊಳ್ಳುತ್ತಿರುವುದು ನಾನು. ನನ್ನ ಮಗಳೂ ಬೆಂಗಳೂರಿನಲ್ಲಿದ್ದಾಳೆ.

ಇಂಥ ಬ್ರುವರಿಗಳು ಹೇಗೆ ಬದುಕುತ್ತವೆ ಎಂದು ತಿಳಿದರೆ ಹೇಗೆ ಸಾಯುತ್ತವೆ ಎನ್ನುವುದೂ ತಿಳಿಯುತ್ತದೆ. ಹಳ್ಳಿಯ ಬ್ರುವರಿ ಎಂದರೆ ಕಾರ್ಖಾನೆಯಲ್ಲ, ಒಂದು ಮನೆ. ಮುಂದೆ ಊಟದ ಹೋಟೆಲು, ಮೇಲೆ ನಾಲ್ಕು ಬಾಡಿಗೆ ಕೋಣೆ, ಹಿಂದೆ ಕೊಟ್ಟಿಗೆ, ಸ್ವಲ್ಪ ಜಮೀನು, ಪಕ್ಕದಲ್ಲಿ ಬಿಯರ್ ಕಾಯಿಸುವ ಕೋಣೆ. ಗಂಡ ಬಿಯರ್ ಕಾಯಿಸಿದರೆ ಹೆಂಡತಿ ಅಡುಗೆ, ಮಗಳು ಬಡಿಸುವುದು. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕಾಯಿಸುತ್ತಾರೆ. ಅದು ಖರ್ಚಾಗುವುದು ಅದೇ ಮನೆಯ ಮೇಜುಗಳಲ್ಲಿ, ಉಳಿದದ್ದು ಸುತ್ತಲಿನ ನಾಲ್ಕು ಊರಿನ ಮನೆಗಳಿಗೆ. ಬಾಟಲಿಗೆ 8 ಸೆಂಟ್ ಠೇವಣಿ; ಖಾಲಿ ಬಾಟಲಿ ಅದೇ ಮನೆಗೆ ಹಿಂತಿರುಗುತ್ತದೆ, ತೊಳೆದು ಮತ್ತೆ ತುಂಬುತ್ತಾರೆ. ದೂರದ ಊರಿನ ಅಂಗಡಿಗೆ ಈ ಬಿಯರ್ ಹೋಗುವುದೇ ಇಲ್ಲ. ಹೆಚ್ಚು ದಿನ ಇಡುವುದಕ್ಕೆ ಬೇಕಾದ ಸೋಸುವಿಕೆ, ಪಾಶ್ಚರೀಕರಣ ಇಲ್ಲದ್ದರಿಂದ ದಾರಿಯಲ್ಲೇ ಕೆಡುತ್ತದೆ. ರುಚಿ ನೋಡಬೇಕೆಂದರೆ ನಾವೇ ಹೋಗಬೇಕು. ಇದು ಆ ಬಿಯರಿನ ದೊಡ್ಡತನ, ಅದರ ಸಂಕಟವೂ ಇದೇ. ಜರ್ಮನಿಯಲ್ಲಿ 1980ರ ಸುಮಾರಿಗೆ ತಲಾ ವರ್ಷಕ್ಕೆ 140 ಲೀಟರಿಗಿಂತ ಹೆಚ್ಚು ಬಿಯರ್ ಖರ್ಚಾಗುತ್ತಿತ್ತು, ಈಗ 90ರ ಆಸುಪಾಸು. ಕುಡಿಯುವುದು ಕಡಿಮೆಯಾದದ್ದು ಒಳ್ಳೆಯದೇ. ಆದರೆ ಆ ಇಳಿತದ ಪೆಟ್ಟು ಮೊದಲು ಬೀಳುವುದು ಹದಿನೈದು ದಿನಕ್ಕೊಮ್ಮೆ ಒಲೆ ಹಚ್ಚುವ ಮನೆಗೆ. ಅಲ್ಲಿ ಒಬ್ಬ ಮಗ ಬೇರೆ ಕೆಲಸ ಹಿಡಿದರೆ ಐದು ತಲೆಮಾರಿನ ರುಚಿಯೊಂದು ನಿಲ್ಲುತ್ತದೆ. ಹೊಳೆಯುವ ಕಡಾಯಿ ಉಳಿಯುತ್ತದೆ, ಅದರೊಳಗೆ ಏನು ಕಾಯುತ್ತಿತ್ತು ಎನ್ನುವುದು ಉಳಿಯುವುದಿಲ್ಲ.

ಭಾನುವಾರ ಔಫ್‌ಸೆಸ್. ಬಾಂಬೆರ್ಗಿನ ಪೂರ್ವಕ್ಕೆ, ಸುಣ್ಣಕಲ್ಲಿನ ಗುಡ್ಡಗಳ ನಡುವಿನ ಪಂಚಾಯಿತಿ. ಒಂದೂವರೆ ಸಾವಿರದೊಳಗಿನ ಜನಕ್ಕೆ ನಾಲ್ಕು ಬ್ರುವರಿ ಎಂದು 2001ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ನಾಲ್ಕನ್ನೂ ಸೇರಿಸುವ ಕಾಲುದಾರಿ ಸುಮಾರು 14 ಕಿಲೋಮೀಟರ್. ಔಫ್‌ಸೆಸ್‌ನ ರೋಟೆನ್‌ಬಾಖ್, ಹೆಕೆನ್‌ಹೋಫ್‌ನ ಕಾಟಿ ಬ್ರೊಯ್, ಹೋಖ್‌ಷ್ಟಾಲ್‌ನ ರೈಖೋಲ್ಡ್, ಸಾಕ್ಸೆನ್‌ಡೋರ್ಫ್‌ನ ಷ್ಟಾಟರ್. ಒಂದೊಂದು ಕಡೆ ಒಂದೊಂದು ಮುದ್ರೆ ಒತ್ತಿಸಿಕೊಂಡರೆ ಕೊನೆಗೆ ಒಂದು ಪ್ರಮಾಣಪತ್ರ ಕೊಡುತ್ತಾರೆ.

ನಾವು ನಡೆದದ್ದು ನಿಧಾನಕ್ಕೆ. ದಾರಿಯ ಎರಡೂ ಬದಿ ಬಾರ್ಲಿ, ಆಗಷ್ಟೇ ತೆನೆ ಬಿಟ್ಟಿತ್ತು. ಗಾಳಿ ಬೀಸಿದರೆ ಉದ್ದ ಮುಳ್ಳಿನ ತೆನೆಗಳು ಒಟ್ಟಿಗೆ ಮಲಗಿ ಎದ್ದು ಇಡೀ ಗದ್ದೆ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತಿತ್ತು. ಒಂದು ತೆನೆ ಕಿತ್ತು ಉಜ್ಜಿದೆ. ಹಾಲುಗಾಳು. ನಮ್ಮ ಭತ್ತ ಹಾಲುಗಟ್ಟಿದಾಗ ಹೀಗೇ ಬೆರಳಿಗೆ ಅಂಟುತ್ತದೆ. ಬೀಚ್ ಮರಗಳ ಕಾಡು ಬಂದಾಗ ನೆರಳು ತಣ್ಣಗಿತ್ತು. ಷ್ಲೆಂಕೆರ್ಲಾದ ಒಲೆಗೆ ಹೋಗುವುದು ಇದೇ ಜಾತಿಯ ಮರ ಎಂದು ಸೊಸೆ ಒಂದರ ನುಣುಪು ತೊಗಟೆಯ ಮೇಲೆ ಕೈಯಾಡಿಸಿ ನೋಡಿದಳು.

ಕಾಟಿ ಬ್ರೊಯ್ ಎದುರಿಗೆ ನೂರಾರು ಮೋಟಾರ್ ಸೈಕಲ್ಲುಗಳು. ಮದುವೆಯಾಗದೆ, ಒಬ್ಬಳೇ ದಶಕಗಟ್ಟಲೆ ಈ ಬ್ರುವರಿ ನಡೆಸಿದ ಕಾಟಿ ಎಂಬಾಕೆಯ ಹೆಸರೇ ಇದಕ್ಕೆ. ದೂರದಿಂದ ಬರುತ್ತಿದ್ದ ಬೈಕ್ ಸವಾರರನ್ನು ಆಕೆ ಮನೆಯ ಹುಡುಗರ ಹಾಗೆ ನೋಡಿಕೊಂಡಳಂತೆ. ಆಕೆ ಹೋಗಿ ಎಷ್ಟೋ ವರ್ಷವಾದರೂ ಭಾನುವಾರ ಬಂತೆಂದರೆ ಅವರು ಬರುವುದು ನಿಂತಿಲ್ಲ. ಚರ್ಮದ ಕೋಟು ತೊಟ್ಟ ದೈತ್ಯ ದೇಹದ ಸವಾರರ ಪಕ್ಕದಲ್ಲೇ ಚರ್ಚಿನಿಂದ ಬಂದ ಅಜ್ಜಿಯರು ಕೇಕು ತಿನ್ನುತ್ತಿದ್ದರು. ಬಿಯರ್ ಕಪ್ಪು, ಸುಟ್ಟ ಬ್ರೆಡ್ಡಿನ ಅಂಚಿನ ರುಚಿ. ಗ್ಲಾಸನ್ನು ನಾವೇ ಹೋಗಿ ತರಬೇಕು, ನಾವೇ ಹಿಂದೆ ಕೊಡಬೇಕು.

ನಾಲ್ಕು ಮುದ್ರೆ ಒತ್ತಿಸಿಕೊಳ್ಳಲು ನಮ್ಮಿಂದಾಗಲಿಲ್ಲ. ಎರಡಕ್ಕೇ ಮಧ್ಯಾಹ್ನ ಮೂರಾಯಿತು. ದಾರಿಯುದ್ದಕ್ಕೂ ಓಡಿ ಓಡಿ ಮುಗಿಸುತ್ತಿದ್ದ ಹುಡುಗರ ಗುಂಪೊಂದನ್ನು ಕಂಡೆವು. ಈ ಸೀಮೆಯನ್ನು ನೋಡುವ ರೀತಿ ಅದಲ್ಲ. ದಿನಕ್ಕೆ ಒಂದು ಬ್ರುವರಿ ಸಾಕು, ಹೆಚ್ಚೆಂದರೆ ಎರಡು. ಉಳಿದ ಹೊತ್ತು ನಡೆಯಬೇಕು, ಊಟ ಮಾಡಬೇಕು, ಪಕ್ಕದಲ್ಲಿ ಕೂತವರ ಮಾತು ಕೇಳಬೇಕು.

ಸಂಜೆ ಬಾಂಬೆರ್ಗಿಗೆ ವಾಪಸು ಬಂದು ಷ್ಟೆಫಾನ್ಸ್‌ಬೆರ್ಗ್ ಗುಡ್ಡ ಹತ್ತಿದೆವು. ಅಲ್ಲಿ ಷ್ಪೆಟ್ಸಿಯಾಲ್‌ನವರ ‘ಕೆಲ್ಲರ್’ ಇದೆ. ಕೆಲ್ಲರ್ ಎಂದರೆ ನೆಲಮಾಳಿಗೆ. ಆದರೆ ಫ್ರಾಂಕೆನ್‌ನವರು ಕೆಲ್ಲರ್ ಒಳಗೆ ಹೋಗುವುದಿಲ್ಲ, ಕೆಲ್ಲರ್ ಮೇಲೆ ಹೋಗುತ್ತಾರೆ. ಮಾತಿನಲ್ಲೂ ಹಾಗೇ ಹೇಳುತ್ತಾರೆ. ಫ್ರಿಜ್ಜು ಇಲ್ಲದ ಕಾಲದಲ್ಲಿ ಬೇಸಿಗೆಗೆ ಬಿಯರ್ ತಂಪಾಗಿಡಲು ಗುಡ್ಡದ ಮರಳುಕಲ್ಲನ್ನು ಕೊರೆದು ಸುರಂಗ ಮಾಡಿದರು, ಚಳಿಗಾಲದ ಮಂಜುಗಡ್ಡೆ ತುಂಬಿದರು. ಮೇಲೆ ಬಿಸಿಲು ಬೀಳದಿರಲಿ ಎಂದು ಚೆಸ್ಟ್‌ನಟ್ ಮರ ನೆಟ್ಟರು. ಅಗಲ ಎಲೆ, ದಟ್ಟ ನೆರಳು. ಬೇರು ಆಳಕ್ಕಿಳಿಯದ್ದರಿಂದ ಕೆಳಗಿನ ಸುರಂಗಕ್ಕೂ ಅಪಾಯವಿಲ್ಲ. ನೆರಳಿದ್ದಲ್ಲಿ ಜನ ಬಂದರು, ಬೆಂಚು ಬಂತು. ಇವತ್ತಿಗೂ ಅನೇಕ ಕೆಲ್ಲರ್‌ಗಳಲ್ಲಿ ಬಿಯರ್ ಮಾತ್ರ ಅಲ್ಲಿಯದು, ಬುತ್ತಿಯನ್ನು ಮನೆಯಿಂದ ತರಬಹುದು. ನಮ್ಮ ಪಕ್ಕದ ಮೇಜಿನವರು ಮನೆಯಿಂದ ತಂದ ಬಟ್ಟೆ ಹಾಸಿ, ಡಬ್ಬಿ ಬಿಚ್ಚಿ, ಮೂಲಂಗಿ ಹೆಚ್ಚುತ್ತಾ ಕೂತಿದ್ದರು. ಸೊಸೆ ಚೀಲದಿಂದ ಚಪಾತಿ, ಮಾವಿನಮಿಡಿ ಉಪ್ಪಿನಕಾಯಿ ತೆಗೆದಳು. ಪಕ್ಕದವರು ಒಂದು ಮಿಡಿ ಕಚ್ಚಿ ನೋಡಿ ಕಣ್ಣು ಮುಚ್ಚಿಕೊಂಡರು, ಆಮೇಲೆ ಇನ್ನೊಂದು ಕೇಳಿದರು.

ಎದುರಿಗೆ ಇಡೀ ಊರು. ಕ್ಯಾಥೆಡ್ರಲ್‌ನ ನಾಲ್ಕು ಗೋಪುರ, ಅದರಾಚೆ ಮಿಖಾಯೆಲ್ಸ್‌ಬೆರ್ಗಿನ ಮಠ, ಹೆಂಚಿನ ಕೆಂಪು ಮಾಡುಗಳು. ಒಂಬತ್ತಾದರೂ ಬೆಳಕಿತ್ತು.

ಹೊರಡುವ ಮೊದಲು ಅಕ್ಕನ ಮಗ ಒಂದು ‘ಷ್ನಿಟ್’ ಹೇಳಿದ. ಸಾಕು, ಆದರೆ ಒಂದು ಗುಟುಕು ಬೇಕು ಎನ್ನುವವರಿಗಾಗಿ ಇರುವ ಕೊನೆಯ ಗ್ಲಾಸು ಅದು. ನಲ್ಲಿಯನ್ನು ಪೂರ್ತಿ ತಿರುಗಿಸಿ ರಭಸಕ್ಕೆ ಬಿಡುತ್ತಾರೆ, ಅರ್ಧ ನೊರೆ, ಅರ್ಧ ಬಿಯರ್. ಬೆಲೆಯೂ ಕಡಿಮೆ. ಹೆಚ್ಚು ಬಂದರೆ ಗಿರಾಕಿಯ ಅದೃಷ್ಟ. ಅವನ ಗ್ಲಾಸಿಗೆ ಮುಕ್ಕಾಲು ಬಂದಿತ್ತು. ಅದನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ:

‘ಮಾವ, ಈಗ ಕೊನೆ ಕೊಯ್ಯೋಕೆ ಜನ ಸಿಕ್ತಾರಾ?’

‘ಸಿಗೋದಿಲ್ಲ. ಮರ ಹತ್ತೋರು ನಮ್ಮೂರಲ್ಲಿ ಇಬ್ಬರೇ ಉಳಿದಿದ್ದಾರೆ. ಅದಕ್ಕೇ ಹೋದ ವರ್ಷ ದೋಟಿ ತಗೊಂಡೆ, ಕಾರ್ಬನ್ ಫೈಬರಿಂದು. ಕೆಳಗೆ ನಿಂತೇ ಕೊಯ್ಯಬಹುದು.’

‘ಎಷ್ಟು ಅಡಿ ಹೋಗುತ್ತೆ?’

‘ಅರವತ್ತು.’

‘ಭಾರ ಇದೆಯಾ?’

‘ಭಾರ ಇಲ್ಲ. ಎತ್ತರಕ್ಕೆ ಹೋದ ಹಾಗೆ ಬಳುಕುತ್ತೆ, ಕೈಗೆ ಹಿಡಿತ ಸಿಗಬೇಕು. ದೀಪಾವಳಿಗೆ ಬಂದಾಗ ಹಿಡಿದು ನೋಡು’ ಅಂದೆ.

ನೊರೆ ಇಳಿಯುವವರೆಗೆ ಕಾದು, ಕುಡಿದು, ಗ್ಲಾಸು ಹಿಂದಿರುಗಿಸಲು ಎದ್ದು ಹೋದ. ಸೊಸೆ ಡಬ್ಬಿ ಮುಚ್ಚಿ ಕಾರಿನ ಬೀಗದಕೈ ಹುಡುಕುತ್ತಿದ್ದಳು. ಪಕ್ಕದ ಮೇಜಿನವರು ಉಪ್ಪಿನಕಾಯಿಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡರು.